ಹೊಗೆ ಕುಡಿದ ಕಡ್ಡಿ

ಕಡ್ಡಿ ಮತ್ತೆ ಕಿರ್ರೆಂದಿತು. ಶಶಿರೇಖಾ ಕಡ್ಡಿಗೆ ಹಗ್ಗ ಸುತ್ತಿದ ಬಿಲ್ಲನ್ನು ಹಿಂದೆ ಮುಂದೆ ಎಳೆಯುವುದನ್ನು ನಿಲ್ಲಿಸಿ, ಎಡಗಾಲಡಿ ತುಳಿದುಕೊಂಡಿದ್ದ ಕತ್ತಾಳೆ ಬೊಂಬಿನ ಸೀಳನ್ನು ಬಗ್ಗಿ ನೋಡಿದಳು. ಕಡ್ಡಿ ತಿರುಗಿದ ಗುಳಿಯಲ್ಲಿ ಇಷ್ಟು ಹೊತ್ತಿಗೆ ಕರೀ ಹುಡಿ ಕೂರಬೇಕಿತ್ತು, ಹುಡಿಯಿಂದ ಹೊಗೆ ಏಳಬೇಕಿತ್ತು. ಗುಳಿ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯ ಹಾಗೆ ಮಿರಮಿರ ಮಿಂಚುತ್ತಿತ್ತು.

ಮುತ್ತತ್ತಿ ಕಾಡಿನಂಚಿನ ಒಣಹಳ್ಳದಲ್ಲಿ ಬೆಳಗಿನ ಏಳರಿಂದ ಪರೀಕ್ಷೆ ನಡೆದಿತ್ತು. ಹತ್ತು ದಿನದ ತರಬೇತಿಯಲ್ಲಿ ಮರಳು ತೋಡಿ ಒರತೆ ಹಿಡಿಯುವುದು, ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುವುದು, ಲದ್ದಿ ಮುಟ್ಟಿ ನೋಡಿ ಆನೆ ಎಷ್ಟು ಹೊತ್ತಿನ ಹಿಂದೆ ದಾಟಿತೆಂದು ಹೇಳುವುದು ಎಲ್ಲ ಆಗಿತ್ತು. ಉಳಿದದ್ದು ಇದೊಂದು. ಬೆಂಕಿಪೊಟ್ಟಣ ಮುಟ್ಟದೆ ಬೆಂಕಿ ಮಾಡಿ, ಹನ್ನೊಂದು ಗಂಟೆಯೊಳಗೆ ಒಂದು ಲೋಟ ನೀರು ಕುದಿಸಬೇಕು. ಕುದಿಸಿದವರು ನದಿ ದಂಡೆಯ ಕ್ಯಾಂಪಿನಲ್ಲಿ ಗೈಡುಗಳು. ಬೇರೆಯವರಿಂದ ಬೆಂಕಿ ಪಡೆದು ಕುದಿಸಿದವರಿಗೆ ಸಹಾಯಕರ ಕೆಲಸ, ಅಂದರೆ ಅಡುಗೆಮನೆ. ಕುದಿಸದವರು ಮನೆಗೆ.

ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷ ಅಂಗಿಗೆ ಕಾಲರ್ ಹೊಲಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಶಶಿರೇಖಾ ಆ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದಳು. ಬಾಗಿಲಿಗೆ ಬೀಗ ಹಾಕಿ ಬಸ್‌ ಸ್ಟ್ಯಾಂಡಿನವರೆಗೆ ನಡೆದು, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡುವ ಜೀವ. ತರಬೇತಿಯ ಪಾಠವನ್ನೆಲ್ಲ ಎರಡೆರಡು ಸಲ ಬರೆದುಕೊಂಡಿದ್ದಳು. ತಿಂಗಳುಗಳ ಹಿಂದೆ ಹೆಸರು ಬರೆಸುವಾಗಲೇ ತರಬೇತುದಾರ ಸಿದ್ದರಾಮು, 'ಒಣ ಕಡ್ಡಿ ಇರಬೇಕು' ಎಂದಿದ್ದಕ್ಕೆ ಉಳಿದವರು ಕಾಡಿನಲ್ಲೇ ಒಂದು ಕಡ್ಡಿ ಮುರಿದುಕೊಂಡಿದ್ದರು. ಇವಳು ಊರಿನಿಂದ ಹಿಪ್ಪುನೇರಳೆ ಕಡ್ಡಿ ತಂದಿದ್ದಳು.

"ಅಕ್ಕೋ, ಇನ್ನೂ ಕುಯ್ಯೋ ಅಂತಾ ಪಿಟೀಲ್ ಬಾರಿಸ್ತಾನೇ ಇದ್ದೀಯಲ್ಲ!"

ಕನಕರಾಜು. ಅವಳದೇ ಊರಿನವನು; ಅವಳದು ಊರಾಚೆಯ ಕೇರಿ, ಅವನು ಮೇಲಿನ ಬೀದಿಯ ಹುಡುಗ. ಅವನ ನೀರು ಕುದ್ದು ಅರ್ಧಗಂಟೆಯಾಗಿತ್ತು. ಕೈಯಲ್ಲಿ ಉರಿಯುವ ಕೊಳ್ಳಿಯಿತ್ತು.

"ಅತ್ತೂವರೆ ಆಯ್ತು ಕಣಕ್ಕ. ರೂಪನೂ ನನ್ ಬೆಂಕೀನೇ ತಗಂಡ್ಳು. ತಗೋ, ನೀರಿಡು. ಅಡ್ಗೆಮನೆ ಆದ್ರೇನು, ಕೆಲ್ಸ ಕೆಲ್ಸಾನೇ."

ಹೇಳಿದವನು ಎರಡು ಮಾರು ದೂರದಲ್ಲೇ ನಿಂತು, ಕೊಳ್ಳಿಯನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದ.

ಶಶಿರೇಖಾಳ ಕೈ ನಿಂತಿತು. ತನ್ನಂತೆಯೇ ಪರೀಕ್ಷೆಗೆ ಕೂತ ರೂಪಳಿಗೆ ಕೊಡುವಾಗ ಹೇಗೆ ಕೊಟ್ಟ? ಕೈಗೇ ಕೊಟ್ಟಿದ್ದ, ನೋಡಿದ್ದಳು. ಇಲ್ಲ, ತಾನು ಸರಿಯಾಗಿ ನೋಡಿರಲಿಲ್ಲವೇನೋ. ಬಿಸಿ ತಾಗಿ ಕೆಳಗಿಟ್ಟನೇನೋ. ಎಲ್ಲದರಲ್ಲೂ ಹುಳುಕು ಹುಡುಕುವುದು ತನ್ನದೇ ಚಾಳಿಯೇನೋ.

"ಕೈಗೆ ಕೊಡಕ್ಕಾಗಕಿಲ್ವಾ ಕನಕ?" ಮಾತು ಬಾಯಿಂದ ಬಿದ್ದಾಗಿತ್ತು.

ಅವನು ಕೊಳ್ಳಿ ನೋಡಿದ, ಅವಳನ್ನು ನೋಡಿದ. ಮುಖ ಕೆಂಪಗಾಯಿತು. "ಅಯ್ಯೋ, ನಾನೇನು ಅಂಗಂದ್ಕಂಡ್ ಇಡ್ಲಿಲ್ಲ ಕಣಕ್ಕ. ಅದೇನೋ... ಕೈ ಅಂಗೇ ಇಟ್ಬುಡ್ತು."

ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿದದ್ದು.

ಅವಳ ಅಪ್ಪ ಪುಟ್ಟಮಾದಯ್ಯ ಎಂಟು ವರ್ಷದ ಹುಡುಗನಾಗಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ ಮನೆಯ ಒಲೆ ಆರಿಹೋಗಿತ್ತು. ಬೆರಣಿ ಹಿಡಿದು ಬೆಂಕಿ ಕೇಳಲು ಹೋದದ್ದು ಇದೇ ಕನಕರಾಜುವಿನ ಮುತ್ತಜ್ಜಿ ಚಿಕ್ಕನಂಜಮ್ಮನ ಮನೆಗೆ. ಆಕೆ ಜಗುಲಿಯಿಂದಲೇ ಅಂಗಳಕ್ಕೆ ಕೆಂಡ ಎಸೆದಳು. ಒದ್ದೆ ನೆಲ, ಹುಡುಗ ಎತ್ತಿಕೊಳ್ಳುವಷ್ಟರಲ್ಲಿ ಚುಂಯ್ ಎಂದು ಆರಿತು. ಇನ್ನೊಂದು ಕೇಳಿದ, ಅದೂ ಆರಿತು. ಮೂರನೆಯದಕ್ಕೆ ಬಾಗಿಲು ಹಾಕಿಕೊಂಡಳು. ಅವತ್ತು ಹೇಗೋ ಒಲೆ ಹೊತ್ತಿಸಿದ ಅವನ ಅವ್ವ ಚಿಕ್ಕಬೋರಮ್ಮ, ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗಿದಳು. ಸಾಯುವವರೆಗೂ ಆ ಒಲೆ ಆರಲು ಬಿಡಲಿಲ್ಲ.

ತರಬೇತಿಗೆ ಹೊರಟಾಗ ಅಪ್ಪ ನಕ್ಕಿದ್ದ. "ಲೈಟ್ರು ಒತ್ತುದ್ರೆ ಅತ್ಕತದೆ, ಮರ ಉಜ್ಜಕ್ಕೆ ಓಯ್ತಳಂತೆ ಬಿಯೇ ಓದ್ದೋಳು!" ಆಮೇಲೆ ಬಸ್ಸು ಹತ್ತಿಸುವಾಗ ಮೆಲ್ಲಗೆ, "ಕಲ್ತ್ಕಂಡ್ ಬಾ ಕಣವ್ವ. ನಂಗೂ ತೋರ್ಸೀಯೆ," ಎಂದಿದ್ದ.

ಸಿದ್ದರಾಮು ಶಿಳ್ಳೆಯನ್ನು ಕೊರಳಿಗೆ ನೇತುಹಾಕಿಕೊಂಡು ಬಂದರು. ಮೂವತ್ತು ವರ್ಷ ಕಾಡು ಕಾದ ಮನುಷ್ಯ. "ತಗಳಮ್ಮ. ಕಾಡಲ್ಲಿ ಬೆಂಕಿ ಈಸ್ಕಳದು ಅವಮಾನ ಅಲ್ಲ. ಮೊದ್ಲು ಜೀವ, ಆಮೇಲೆ ಮಾನ."

"ಕಾಡಲ್ಲಿ ನಾನೊಬ್ಳೇ ಇದ್ರೆ ಯಾರು ಕೊಡ್ತಾರೆ ಸಾರ್?"

"ಈಗ ಒಬ್ಳೇ ಇಲ್ವಲ್ಲ."

"ಬ್ಯಾಡಿ ಸಾರ್." ಅವಳು ಬಿಲ್ಲಿನ ಹಗ್ಗ ಬಿಗಿ ಮಾಡಿದಳು. "ನಂದು ನಾನೇ ಮಾಡ್ತೀನಿ."

"ಆಗ್ನಿಲ್ಲ ಅಂದ್ರೆ ಅಡ್ಗೆಮನೇನೂ ಇಲ್ಲ. ಗೊತ್ತಲ್ಲ?"

"ಗೊತ್ತು."

ಕನಕರಾಜು ಇಟ್ಟ ಕೊಳ್ಳಿ ಅಲ್ಲೇ ಹೊಗೆಯಾಡುತ್ತ ಬಿದ್ದಿತ್ತು. ಅವಳು ಅದರ ಮೇಲೆ ಎರಡು ಬೊಗಸೆ ಮರಳು ಸುರಿದಳು.

ಮತ್ತೆ ಬಿಲ್ಲು ಎಳೆದಳು. ಮತ್ತೆ ಕಿರ್ರ್. ಹಣೆಯ ಬೆವರು ಮೂಗಿನ ತುದಿಗೆ ಬಂತು. ಬೆವರು ಗುಳಿಗೆ ಬಿದ್ದರೆ ಎಲ್ಲ ಮುಗಿದಂತೆ ಎಂದು ಹೆದರಿ ತೋಳಿನಿಂದ ಒರೆಸಿಕೊಳ್ಳಲು ಹೋದಾಗ, ಬಿಲ್ಲಿನ ಹಗ್ಗಕ್ಕೆ ಸಿಕ್ಕಿದ್ದ ಕಡ್ಡಿ ಮೂಗಿನ ಹತ್ತಿರ ಬಂತು. ಮನೆಯ ವಾಸನೆ. ಅವಳು ಇನ್ನೊಮ್ಮೆ ಮೂಸಿದಳು. ಹಂಡೆ ಒಲೆಯ ಹೊಗೆ.

ಇನ್ನೂ ಒಣಗಲಿ, ಇನ್ನೂ ಒಣಗಲಿ ಎಂದು ತಿಂಗಳುಗಟ್ಟಲೆ ಆ ಕಡ್ಡಿಯನ್ನು ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದವಳು ಅವಳೇ. ಬೀಜದ ಸೋರೆಬುರುಡೆ ಇಡುವ ಜಾಗ. ಹುಳ ಹಿಡಿಯುವುದಿಲ್ಲ, ತೇವ ಸೇರುವುದಿಲ್ಲ. ಆದರೆ ದಿನವೂ ಏರಿದ ಹೊಗೆಯ ಜಿಡ್ಡನ್ನೆಲ್ಲ ಕಡ್ಡಿ ಕುಡಿದಿತ್ತು. ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತೇ ಹೊರತು ಉಜ್ಜುತ್ತಿರಲಿಲ್ಲ. ಅತಿ ಜೋಪಾನ ಮಾಡಿ ಕೆಡಿಸಿದ್ದಳು. ಎಲ್ಲರ ಹಾಗೆ ಕಾಡಿನ ಕಡ್ಡಿ ಮುರಿದುಕೊಂಡಿದ್ದರೆ ಸಾಕಿತ್ತು.

ಅಳು ಬಂತು. ಅಳುತ್ತಲೇ ಮಚ್ಚು ತೆಗೆದುಕೊಂಡು ಕಡ್ಡಿ ಹೆರೆಯತೊಡಗಿದಳು. ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು. ಒಳಗಿನ ಹಳದಿ ಮರ ಕಂಡಿತು. ಕತ್ತಾಳೆ ಸೀಳನ್ನು ಮಗುಚಿ ಹೊಸ ಗುಳಿ ತೋಡಿದಳು, ಪಕ್ಕದಲ್ಲಿ ಹುಡಿ ಬೀಳಲು ಕಚ್ಚು ಕೊಟ್ಟಳು. ತೆಂಗಿನ ಚಿಪ್ಪನ್ನು ಕಡ್ಡಿಯ ತಲೆಗೆ ಒತ್ತಿ ಹಿಡಿದು ಬಿಲ್ಲು ಎಳೆದಳು. ಈ ಸಲ ಕಡ್ಡಿ ಕಿರುಚಲಿಲ್ಲ. ಬೀಸುವ ಕಲ್ಲಿನ ಹಾಗೆ ಗರಗರ ಎಂದಿತು.

ಹುಡಿ ಕಂದಾಯಿತು, ಕಪ್ಪಾಯಿತು. ಹಗ್ಗ ಹರಿಯಿತು. ಹಗ್ಗ ಕಟ್ಟುವಾಗ ಶಿಳ್ಳೆ ಕೇಳಿಸಿತು.

"ಅನ್ನೊಂದು! ಬೆಂಕಿ ಆರ್ಸಿ ಎಲ್ರೂವೆ!"

ಕಾಡು ಬಿಡುವ ಮುನ್ನ ಬೆಂಕಿಗೆ ನೀರು ಹೊಯ್ದು, ಕೈಯಿಟ್ಟು ತಣ್ಣಗಾಯಿತೇ ನೋಡಬೇಕು. ಅದೂ ಪಾಠವೇ. ಹಳ್ಳದುದ್ದಕ್ಕೂ ಒಂದೊಂದಾಗಿ ಬೆಂಕಿಗಳು ಬುಸ್ಸೆಂದವು. ಸಿದ್ದರಾಮು ಅವಳ ಹತ್ತಿರ ಬಂದು ನಿಂತರು.

"ಟೈಮ್ ಮುಗೀತಮ್ಮ."

"ಗೊತ್ತು ಸಾರ್." ಅವಳು ತಲೆಯೆತ್ತಲಿಲ್ಲ. ಬಿಲ್ಲು ನಿಲ್ಲಿಸಲೂ ಇಲ್ಲ.

ಅವರು ಶಿಳ್ಳೆಯನ್ನು ತುಟಿಗೆ ಒಯ್ದು, ಊದದೆ ಕೆಳಗಿಳಿಸಿದರು.

ಹೊಗೆ ಎದ್ದಿತು. ಬಿಲ್ಲು ನಿಲ್ಲಿಸಿದ ಮೇಲೂ ಏಳುತ್ತಲೇ ಇತ್ತು. ಹುಡಿಯ ನಡುವೆ ಎಳ್ಳುಕಾಳಿನಷ್ಟು ಕೆಂಪು. ಅದನ್ನು ತೆಂಗಿನ ನಾರಿನ ಗೂಡಿಗೆ, ಒಣಲದ್ದಿಯ ಪುಡಿಯ ಮೇಲೆ ಇಳಿಸಿ, ಎರಡೂ ಅಂಗೈಯಲ್ಲಿ ಎತ್ತಿ ಉಸಿರು ಬಿಟ್ಟಳು. ಮಗುವಿನ ಕಣ್ಣಿಗೆ ಬಿದ್ದ ಧೂಳು ಊದುವಂತೆ. ಗೂಡು ಭಗ್ಗೆಂದಿತು.

ಅವಳ ಲೋಟದ ನೀರು ಕುದಿದಾಗ ಹನ್ನೊಂದೂ ಇಪ್ಪತ್ತೈದು. ಸಿದ್ದರಾಮು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಅಡ್ಡಗೆರೆ ಎಳೆದರು. ಅವಳು ಅದನ್ನು ನೋಡಿದಳು.

"ಮುಂದಿನ ಬ್ಯಾಚು ಯಾವಾಗ ಸಾರ್?"

"ಸಂಕ್ರಾಂತಿ ಕಳುದ್ಮೇಲೆ."

"ಬತ್ತೀನಿ. ಹೆಸ್ರು ಈಗ್ಲೇ ಬರ್ಕಳಿ."

ಅವರು ಅವಳನ್ನೇ ನೋಡಿ, ಹಾಳೆ ಮಗುಚಿ ಬರೆದುಕೊಂಡರು. ಆಮೇಲೆ ಜೀಪಿನ ಕಡೆ ತಿರುಗಿ ಕೂಗಿದರು. "ಓಗೋಕ್ ಮುಂಚೆ ಟೀ ಕಾಯಿಸ್ರಪ್ಪ, ಒಲೆ ಅತ್ಸಿ!"

ಜೀಪಿನ ಪಕ್ಕ ಮೂರು ಕಲ್ಲು ಹೂಡಿ ಪಾತ್ರೆ ಇಟ್ಟಿದ್ದರು. ಹಳ್ಳದಲ್ಲಿ ಉಳಿದಿದ್ದ ಬೆಂಕಿ ಒಂದೇ. ಸ್ವಲ್ಪ ಹೊತ್ತಿಗೆ ಕನಕರಾಜು ಬಂದು ಎರಡು ಮಾರು ದೂರದಲ್ಲಿ ನಿಂತ.

"ಅಕ್ಕ, ಒಂದ್ ಕೊಳ್ಳಿ..."

ಶಶಿರೇಖಾ ಚೆನ್ನಾಗಿ ಹತ್ತಿದ್ದ ಒಂದನ್ನು ಆರಿಸಿ ಎತ್ತಿದಳು. ಉರಿಯುವ ತುದಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಹಿಡಿಯುವ ತುದಿಯನ್ನು ಅವನತ್ತ ಚಾಚಿದಳು. ಅವನು ಅಲ್ಲೇ ನಿಂತಿದ್ದ. ಅವಳು ಕೆಳಗಿಡಲಿಲ್ಲ. ಶಾಖಕ್ಕೆ ಮುಂಗೈ ಚುರುಗುಟ್ಟಿದರೂ ಹಾಗೇ ಹಿಡಿದು ಕೂತಳು, ಅವನು ಒಂದೊಂದೇ ಹೆಜ್ಜೆ ಹತ್ತಿರ ಬಂದು, ಬಗ್ಗಿ, ಕೈಯೊಡ್ಡುವವರೆಗೆ.