ಗೇಟಿಗೆ ಅಡ್ಡ ನಿಂತ ಕಾರು

"ಹಿಂದ್ಗಡೆಯಿಂದ ಇನ್ನಿಬ್ಬರು ಹಿಡೀರಪ್ಪ," ಎನ್ನುತ್ತ ಸತ್ತವನ ತಮ್ಮ ಅಂಗಿಯ ತೋಳು ಮಡಚಿ ಬಂಪರಿಗೆ ಕೈ ಹಾಕಿದ.

ಶವದ ವ್ಯಾನು ಗೇಟಿನ ಹೊರಗೇ ನಿಂತಿತ್ತು. ಒಳಗೆ ಬರಲು ಅಂಗಳದಲ್ಲಿ ಹಳೇ ಕಾರು ಅಡ್ಡ. ಅದಕ್ಕೆ ಚಕ್ರವಿಲ್ಲ, ಎಂಜಿನ್ ಇಲ್ಲ. ಇಟ್ಟಿಗೆಗಳ ಮೇಲೆ ಕೂತಿತ್ತು. ತಳ್ಳುವಂತಿಲ್ಲ, ಎತ್ತಿ ಗೋಡೆಯ ಪಕ್ಕಕ್ಕೆ ಇಡಬೇಕು.

"ಅಣ್ಣ ಇದ್ದಾಗ್ಲೂ ಇದು ಅಡ್ಡ, ಹೋಗುವಾಗ್ಲೂ ಅಡ್ಡ," ಎಂದ ತಮ್ಮ. ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಸತ್ತವನ ಹೆಂಡತಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಅವನು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುತ್ತಿದ್ದವನು. ತಂದ ಸಂಬಳವನ್ನೆಲ್ಲ ಈ ತುಕ್ಕಿನ ಬಾಯಿಗೆ ಸುರಿದಿದ್ದ. ಅವಳ ಬಳೆಗಳು ಎಂಜಿನ್ನಿಗೆ ಹೋದವು, ಭಾನುವಾರಗಳು ಮಣ್ಣುಪಾಲಾದವು.

ಕಾರಿಗೆ ತಗಡು ಬೆಸೆದುಕೊಡುತ್ತಿದ್ದ ವೆಲ್ಡರ್ ಅವಳ ಬಳಿ ಬಂದು ನಿಂತ. "ಬೇಜಾರ್ ಮಾಡ್ಕೋಬೇಡಿ ಅಕ್ಕ. ಒಳ್ಳೇ ಗಾಡಿ. ಹೋದ್ವರ್ಷ ಬೆಣ್ಣೆ ಥರ ಓಡ್ತು."

"ಯಾವ್ದು?"

"ಇದೇ."

"ಇದು ಓಡ್ತಾ?"

"ನೀವು ತಂಗಿ ಮನೆಗೆ ಹೋಗಿದ್ರಲ್ಲ, ಆಗ. ಎಲ್ಲಾ ಮುಗಿದಿತ್ತು, ಊರೆಲ್ಲಾ ಸುತ್ತಿ ಬಂದ್ವಿ. ಮಾರನೇ ದಿನ ಬಂದು ನೋಡಿದ್ರೆ ಯಜಮಾನ್ರು ಎಂಜಿನ್ ಇಳಿಸಿ, ಚಕ್ರ ಬಿಚ್ಚಿ ಕೂತಿದ್ರು."

\* \* \*

ಬಳೆ ಬಿಚ್ಚಿಕೊಟ್ಟ ಸಂಜೆ ಅವನು ಕಾರಿನ ಅಡಿಯಿಂದಲೇ ಮಾತಾಡಿದ್ದ. ಅವಳಿಗೆ ಕಾಣುತ್ತಿದ್ದದ್ದು ಅವನ ಪಾದಗಳು ಮಾತ್ರ.

"ರೆಡಿ ಆದ್ಮೇಲೆ ಮೊದ್ಲು ಕೂರೋದು ನೀನೇ ಕಣೇ. ಸಮುದ್ರ ತೋರಿಸ್ಕೊಂಡು ಬರ್ತೀನಿ."

"ಯಾವಾಗ?"

"ಇನ್ನೇನು, ಬ್ರೇಕ್ ಒಂದು ಬಾಕಿ."

ಬ್ರೇಕ್ ಆಯಿತೆಂದರೆ ತುಕ್ಕು ಬಾಕಿ. ತುಕ್ಕು ಉಜ್ಜಿ ಬಣ್ಣ ಹೊಡೆಯುವಷ್ಟರಲ್ಲಿ ಬಾಗಿಲ ಕೆಳಗೆ ಮತ್ತೆ ತುಕ್ಕು. ಅವಳು ಕೇಳುವುದನ್ನು ಬಿಟ್ಟಳು. ಕಾಯುವುದನ್ನು ಬಿಟ್ಟಿರಲಿಲ್ಲ, ಅದು ಬೇರೆ ಮಾತು.

\* \* \*

"ಯಾಕೆ ಬಿಚ್ಚಿದ್ರು?" ಎಂದಳು.

"ನಾನೂ ಕೇಳ್ದೆ. 'ಮುಗಿದೇ ಹೋಯ್ತಲ್ಲೋ, ನಾಳೆಯಿಂದ ಏನ್ ಮಾಡ್ಲಿ' ಅಂದ್ರು."

"ನನ್ನ ವಿಷ್ಯ?"

ವೆಲ್ಡರ್ ತಲೆ ಕೆರೆದುಕೊಂಡ. "ಏನೂ ಅನ್ಲಿಲ್ಲ ಅಕ್ಕ. ಆದ್ರೆ ಪಕ್ಕದ ಸೀಟಿಗೆ ಹೊಸ ಬಟ್ಟೆ ಹಾಕ್ಸಿದ್ರು. ನಾನು ಕೂರೋಕೆ ಹೋದ್ರೆ 'ಹಿಂದೆ ಹೋಗು' ಅಂದ್ರು. ಬಿಚ್ಚೋವಾಗ್ಲೂ ಅದೊಂದನ್ನ ಮುಟ್ಟಲಿಲ್ಲ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ತನ್ನನ್ನು ಕರೆದೊಯ್ಯುವ ಮನಸ್ಸು ಅವನಿಗಿತ್ತೋ ಇಲ್ಲವೋ? ಸಿಟ್ಟು ಬಂತು, ಜೊತೆಗೇ ಅಯ್ಯೋ ಅನಿಸಿತು. ಕೇಳೋಣವೆಂದರೆ ಅವನು ಒಳಗೆ ನಡುಮನೆಯಲ್ಲಿ ಸುಮ್ಮನೆ ಮಲಗಿದ್ದಾನೆ. ಇದ್ದಾಗಲಾದರೂ ಏನು ಮಹಾ ಬಾಯಿ ಬಿಡುತ್ತಿದ್ದ.

ಅವಳು ಮೆಟ್ಟಿಲಿಳಿದು ಬಂದು, ಗಂಡಸರನ್ನು ಸರಿಸಿ, ಕಾರಿನ ಬಾಗಿಲು ತೆಗೆದು ಒಳಗೆ ಕೂತಳು. ಸೀಟಿನ ಬಟ್ಟೆ ಹೊಚ್ಚಹೊಸದು, ಒಂದು ಸುಕ್ಕಿಲ್ಲ. ಆ ಕಡೆ ಸ್ಟೀರಿಂಗ್ ಇತ್ತು, ಹಿಡಿಯುವವನ ಸೀಟು ಇರಲಿಲ್ಲ.

"ಅತ್ತಿಗೆ, ಏನ್ಮಾಡ್ತಿದೀರಾ? ಹೊತ್ತಾಯ್ತು, ಇಳೀರಿ," ಎಂದ ಮೈದುನ.

"ಇಳಿಯಲ್ಲ."

"ಕಾರು ಸರಿಸ್ಬೇಕಲ್ಲ."

"ಸರಿಸಿ. ನಾನು ಕೂತಿರ್ತೀನಿ."

ಗಂಡಸರು ಮುಖ ಮುಖ ನೋಡಿಕೊಂಡರು. ವೆಲ್ಡರ್ ಬಂದು ಒಂದು ಮೂಲೆ ಹಿಡಿದ. ವ್ಯಾನಿನ ಡ್ರೈವರೂ ಇಳಿದು ಬಂದ. ಕಾರು ಇಟ್ಟಿಗೆ ಬಿಟ್ಟು ಮೇಲೆದ್ದಿತು, ತೂಗಾಡುತ್ತ ಗೋಡೆಯ ಕಡೆ ಹೊರಟಿತು. ಅವಳು ಕಿಟಕಿಯ ಗಾಜು ಇಳಿಸಿ, ಗಾಳಿಗೆ ಮುಖವೊಡ್ಡಿ ಕೂತಳು.