ದೀಪ ಉರಿಯುವಷ್ಟು ಹೊತ್ತು

ಜಲಜಾಕ್ಷಿಗೆ ಸುಮ್ಮನೆ ಕುಳಿತು ಅಭ್ಯಾಸವೇ ಇರಲಿಲ್ಲ. ಟಿವಿ ನೋಡುವಾಗಲೂ ಮಡಿಲಲ್ಲಿ ಬೆಳ್ಳುಳ್ಳಿ ಸುಲಿಯುವ ತಟ್ಟೆ ಬೇಕು. "ಅಮ್ಮ ಸ್ವಲ್ಪ ಆರಾಮ ಮಾಡಲಿ" ಅಂತ ಮಗ ಸುಶಾಂತ್ ಅವಳನ್ನು ವಿಸಿಟ್ ವೀಸಾದಲ್ಲಿ ಕಾರ್ಕಳದಿಂದ ಗಲ್ಫಿಗೆ, ಡಿಸ್ಕವರಿ ಗಾರ್ಡನ್ಸಿನ ತನ್ನ ಫ್ಲಾಟಿಗೆ ಕರೆಸಿಕೊಂಡಿದ್ದ. ಬಂದ ವಾರದೊಳಗೆ ಅವಳು ಕರ್ಟನ್‌ಗಳನ್ನೆಲ್ಲ ಒಗೆದು ಹಾಕಿದ್ದಳು, ಫ್ರಿಜ್ಜಿನ ಹಿಂದೆ ತಿಕ್ಕಿದ್ದಳು, ಸೊಸೆ ಭವ್ಯಶ್ರೀ ಆಫೀಸಿನಿಂದ ಬರುವಷ್ಟರಲ್ಲಿ ಮಾಡಲು ಏನೂ ಉಳಿಯದ ಹಾಗೆ ಮಾಡಿಟ್ಟಿದ್ದಳು.

ಅಂಥವಳನ್ನು ಸಂಜೆಗೆ ಅರ್ಧ ಗಂಟೆ ಕೈಕಟ್ಟಿ ಕೂರಿಸಿದವಳು ಕ್ಲಾರಾ.

ಕ್ಲಾರಾ ಆ ಮನೆಯ ಎರಡನೇ ಕೋಣೆಯ ಬಾಡಿಗೆಯವಳು. ನಲವತ್ತರ ಆಸುಪಾಸು, ಒಂಟಿ, ಊದ್ ಮೇಥಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ. ಹೆಸರು ಕೇಳಿದ ಊರಿನವರೆಲ್ಲ "ಮಂಗಳೂರಿನ ಕ್ರಿಶ್ಚನ್ನರಾ?" ಅಂತ ಕೇಳುವವರೇ. ಅವಳು ಹೌದೂ ಅನ್ನದೆ, ಅಲ್ಲವೂ ಅನ್ನದೆ ನಗುತ್ತಿದ್ದಳು. ಜಲಜಾಕ್ಷಿಯ ಗಂಡ ಮುಂಬಯಿಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲಿದ್ದವರು. ಆಗ ಅವಳ ಬಾಯಿಗೂ ಹತ್ತಿದ ಮರಾಠಿ ಇನ್ನೂ ತುಕ್ಕು ಹಿಡಿದಿರಲಿಲ್ಲ. ಹಾಗಾಗಿ ಮರಾಠಿ ಮಾತಿನ ಕ್ಲಾರಾಳಿಗೆ ಅವಳು ಬಂದ ದಿನವೇ ಮಾವ್ಶಿ ಆದಳು, ಚಿಕ್ಕಮ್ಮ.

ಡಿಸೆಂಬರಿನ ಒಂದು ಸಂಜೆ ಕ್ಲಾರಾಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಮೇಲೆ ಪುಟ್ಟ ಗಾಜಿನ ಲೋಟಗಳ ಸಾಲು. ಅವಳು ಹತ್ತಿಯ ಉಂಡೆ ಹಿಡಿದು ಬತ್ತಿ ಮಾಡಲು ಒದ್ದಾಡುತ್ತಿದ್ದಳು.

"ಹಲ್ಲಿಗೆ ಇಡುವ ಹತ್ತಿ ಅದು, ದೀಪಕ್ಕಲ್ಲ," ಅಂದಳು ಜಲಜಾಕ್ಷಿ. ಊರಿಂದ ತಂದ ಹತ್ತಿಯನ್ನೂ ತೆಂಗಿನೆಣ್ಣೆಯ ಬಾಟಲಿಯನ್ನೂ ತಂದು, ನೆಲದಲ್ಲಿ ಕೂತು, ತೊಡೆಯ ಮೇಲೆ ಹೊಸೆದಳು. "ಯಾವ ದೇವರಿಗೆ ಮಗಾ?"

ಕ್ಲಾರಾ ಎದ್ದು ಬಾಗಿಲು ಹಾಕಿ ಬಂದಳು. "ನಾವು ಯಹೂದಿಗಳು ಮಾವ್ಶಿ. ಅಲಿಬಾಗಿನ ಕಡೆಯವರು. ಅಜ್ಜನಿಗೆ ಗಾಣ ಇತ್ತು. ಶನಿವಾರ ನಮಗೆ ಕೆಲಸ ಮಾಡಬಾರದ ದಿನ, ಅವತ್ತು ಗಾಣ ನಿಲ್ಲಿಸುತ್ತಿದ್ದರು ಅಂತ ಊರವರು ಶನಿವಾರದ ತೇಲಿ ಅಂತಿದ್ದರು. ಶನಿವಾರದ ಗಾಣಿಗರು." ಸ್ವಲ್ಪ ತಡೆದು, "ಯಾರಿಗೂ ಹೇಳುವುದು ಬೇಡ, ಆಯ್ತಾ? ಇಲ್ಲಿ ನನಗೆ ಯಾರೂ ಏನೂ ಅಂದಿಲ್ಲ. ಆದರೂ ಬೇಡ."

"ನಾನು ಯಾರಿಗೆ ಹೇಳಲಿ? ನನಗೆ ಇಲ್ಲಿ ಗುರುತು ಇರುವುದು ನೀನೂ ವಾಷಿಂಗ್ ಮೆಷಿನ್ನೂ."

ಕ್ಲಾರಾ ನಕ್ಕಳು. ಒಂದು ಲೋಟವನ್ನು ಮಾತ್ರ ಡಬ್ಬಿಯ ಮೇಲೆ ಎತ್ತರಕ್ಕಿಟ್ಟಳು. ಅದನ್ನು ಮೊದಲು ಹಚ್ಚಿ, ಅದರಿಂದ ಇನ್ನೊಂದನ್ನು ಹಚ್ಚಿದಳು. ಏನೋ ಮೆಲ್ಲಗೆ ಹಾಡಿಕೊಂಡಳು.

"ಎತ್ತರದ್ದು ಯಾರು, ಯಜಮಾನನಾ?"

"ಅಲ್ಲ, ಅದು ಆಳು. ಬೆಳಕು ಬೇಕಾದರೆ ಅದರದ್ದು ಬಳಸಬಹುದು. ಕೆಳಗಿನವು ಬಳಸಲಿಕ್ಕಲ್ಲ, ನೋಡಲಿಕ್ಕೆ ಮಾತ್ರ. ಅವುಗಳ ಬೆಳಕಲ್ಲಿ ಚಿಲ್ಲರೆ ಕೂಡ ಎಣಿಸಬಾರದು ಅಂತಿದ್ದಳು ನನ್ನಜ್ಜಿ. ದೀಪ ಉರಿಯುವಷ್ಟು ಹೊತ್ತು ಹೆಂಗಸರು ಕೆಲಸ ಮಾಡಬಾರದು. ಕೂತುಕೊಳ್ಳಿ."

"ಒಲೆ ಮೇಲೆ ಸಾರು ಉಂಟು."

"ಆರಿಸಿ ಬನ್ನಿ."

ಹೀಗೆ ಶುರುವಾಯಿತು. ಆ ಹಬ್ಬಕ್ಕೆ ಹನುಕ್ಕಾ ಅಂತ ಹೆಸರಂತೆ. ದಿನಕ್ಕೊಂದು ದೀಪ ಹೆಚ್ಚಿಸುತ್ತ ಎಂಟು ದಿನ. "ನಮ್ಮ ದೀಪಾವಳಿಗೆ ಎಲ್ಲ ಒಂದೇ ಸಲ. ನಿಮ್ಮವರು ಎಣ್ಣೆಯಲ್ಲಿ ಜುಗ್ಗರು," ಅಂತ ಜಲಜಾಕ್ಷಿ ಛೇಡಿಸಿದರೆ, "ಗಾಣಿಗರಲ್ವಾ," ಅನ್ನುವಳು ಕ್ಲಾರಾ. ಕೈಯನ್ನು ಎಲ್ಲಿಡಬೇಕೆಂದು ಜಲಜಾಕ್ಷಿಗೆ ಮೊದಲ ದಿನ ತಿಳಿಯಲೇ ಇಲ್ಲ. ಎರಡನೇ ದಿನ ಬೆನ್ನು ಗೋಡೆಗೆ ಕೊಟ್ಟಳು. ಮೂರನೇ ದಿನ ಸತ್ತುಹೋದ ಗಂಡನ ವಿಷಯ, ಯಾರಿಗೂ ಹೇಳದ್ದು, ತಾನಾಗಿ ಬಾಯಿಗೆ ಬಂತು.

ಕಥೆಯನ್ನೂ ಕ್ಲಾರಾ ಹೇಳಿದಳು. ಹಿಂದೆ ಒಬ್ಬ ರಾಜನ ಸೈನ್ಯ ಯಹೂದಿಗಳ ದೇವಾಲಯವನ್ನು ಹೊಲಸು ಮಾಡಿತ್ತು. ಮರಳಿ ಗೆದ್ದು ಗುಡಿಸಿ ತೊಳೆದು ನೋಡಿದರೆ, ಮುದ್ರೆ ಒಡೆಯದ ಎಣ್ಣೆ ಸಿಕ್ಕಿದ್ದು ಒಂದೇ ಒಂದು ಕುಡಿಕೆ. ಒಂದು ದಿನಕ್ಕೆ ಸಾಲುವಷ್ಟು. ಅದು ಎಂಟು ದಿನ ಉರಿಯಿತು.

"ಹಾಗಾದರೆ ಪವಾಡ ಏಳು ದಿನದ್ದು," ಅಂದಳು ಜಲಜಾಕ್ಷಿ. "ಮೊದಲ ದಿನಕ್ಕೆ ಎಣ್ಣೆ ಇತ್ತಲ್ಲ."

"ಸಾಲುವುದಿಲ್ಲ ಅಂತ ಗೊತ್ತಿದ್ದೂ ಹಚ್ಚಿದರಲ್ಲ ಮಾವ್ಶಿ. ಮೊದಲ ದಿನದ ಪವಾಡ ಅದು ಅಂತ ನನ್ನಪ್ಪ ಹೇಳ್ತಿದ್ದ."

ದೀಪವನ್ನು ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲಿ ಇಡಬೇಕು. ಹೆದರಿಕೆಯ ಕಾಲವಾದರೆ ಒಳಗೆ ಮೇಜಿನ ಮೇಲಿಟ್ಟರೂ ಸಾಕು, ಹಾಗಂತ ಹಿರಿಯರೇ ಹೇಳಿದ್ದಾರೆ. ಕ್ಲಾರಾ ಮೇಜಿನ ಮೇಲೆ ಇಡುತ್ತಿದ್ದಳು. ಕರ್ಟನ್ ಎಳೆದಿರುತ್ತಿತ್ತು.

ನಾಲ್ಕನೇ ದಿನ ರಾತ್ರಿ ಊಟಕ್ಕೆ ಕೂತಾಗ ಸುಶಾಂತ್ ಎಂದಿನಂತೆ ಮೊಬೈಲು ನೋಡುತ್ತಿದ್ದ. ರಾಸ್ ಅಲ್ ಖೋರಿನಲ್ಲಿ ಅವನದ್ದು ಮರಗೆಲಸದ ವರ್ಕ್‌ಶಾಪ್. ಮನೆಗೆ ಬಂದರೂ ಅವನ ಕಿವಿ ಅಲ್ಲೇ. "ಹೂಂ ಅಮ್ಮ, ಹೂಂ" ಬಿಟ್ಟರೆ ಬೇರೆ ಮಾತಿಲ್ಲ. ಜಲಜಾಕ್ಷಿಗೆ ಏನಾಯಿತೋ, "ನಿನ್ನ ಮನೆಯೊಳಗೇ ಎಂಥ ಹಬ್ಬ ನಡೀತದೆ, ನಿನಗೆ ಗೊತ್ತೇ ಇಲ್ಲ," ಅಂದಳು. ಅವನು ಮೊಬೈಲು ಕೆಳಗಿಟ್ಟ. ಬಂದಂದಿನಿಂದ ಮೊದಲ ಸಲ. ಅವಳು ಎಲ್ಲ ಹೇಳಿದಳು. ಆಳು ದೀಪ, ಗಾಣ, ಕುಡಿಕೆ, ಎಣ್ಣೆಯಲ್ಲಿ ಕರಿದ ತಿಂಡಿ ಮಾಡುವ ಪದ್ಧತಿ, ಎಲ್ಲ. ಮಗ ಕಣ್ಣು ಬಿಟ್ಟು ಕೇಳುತ್ತಿದ್ದ, ಅವಳಿಗೆ ಅಷ್ಟೇ ಸಾಕಾಗಿತ್ತು.

ಮರುದಿನ ಸಂಜೆ ಅವನು ಬೇಗ ಬಂದ.

"ಅಮ್ಮ, ಗೋಳಿಬಜೆ ಹಾಕು. ಒಬ್ಬರು ಬರ್ತಾರೆ. ಬೆಲ್ಜಿಯಮ್ಮಿನವರು, ಇಲ್ಲಿ ಆಫೀಸು ಮಾಡ್ತಿದ್ದಾರೆ. ಒಳಗಿನ ಮರದ ಕೆಲಸ ಪೂರಾ ನಮಗೇ ಸಿಗಬಹುದು. ಅವರೂ ಕ್ಲಾರಾನ ಜನವೇ. ಮನೆಯವರನ್ನು ಬಿಟ್ಟು ಒಬ್ಬರೇ ಇದ್ದಾರೆ, ನಮ್ಮಲ್ಲಿ ಹಬ್ಬ ಉಂಟು ಬನ್ನಿ ಅಂದೆ. ಆ ಗ್ಲಾಸುಗಳನ್ನು ಹಾಲ್‌ಗೆ ತಾ."

"ಅವಳು ಬರಲಿ ಮಗಾ. ಅವಳ ಕೋಣೆ."

"ಬೀಗ ಇಲ್ಲವಲ್ಲ. ಎಂತ ಕದಿಯುವುದಾ ಅಮ್ಮ? ಒಳ್ಳೆದೇ ಅಲ್ವಾ ಅವಳಿಗೂ. ಯಲ್ಲಾ, ಬೇಗ ಬೇಗ, ಟೈಮಿಲ್ಲ."

ಜಲಜಾಕ್ಷಿ ಹೋದಳು. ತನ್ನ ಕೈಯಾರೆ ಲೋಟಗಳನ್ನು ತಟ್ಟೆಯಲ್ಲಿಟ್ಟು ತಂದಳು. ಮಗ ಹಾಲ್‌ನ ಕಿಟಕಿಯ ಕರ್ಟನ್ ಪೂರ್ತಿ ಸರಿಸಿದ. ಎದುರಿನ ಕಟ್ಟಡದ ಬಾಲ್ಕನಿಗಳೆಲ್ಲ ಕಾಣುತ್ತಿದ್ದವು.

ಕ್ಲಾರಾ ಬಾಗಿಲು ತೆರೆದಾಗ ಅತಿಥಿ ಸೋಫಾದಲ್ಲಿದ್ದರು, ನರೆಗಡ್ಡದ ಸೌಮ್ಯ ಮನುಷ್ಯ. ಸುಶಾಂತ್ ಎದ್ದು ನಿಂತು ಇಂಗ್ಲಿಷಿನಲ್ಲಿ, "ಬಂದಳು ನೋಡಿ, ನಾನು ಹೇಳಿದವಳು. ಕ್ಲಾರಾ, ಸಾರ್ ನಿಮ್ಮವರೇ. ಎಲ್ಲ ರೆಡಿ ಇದೆ, ಹಚ್ಚುವುದೊಂದೇ ಬಾಕಿ," ಅಂದ.

ಕ್ಲಾರಾ ಅವನನ್ನು ನೋಡಲಿಲ್ಲ. ಅತಿಥಿಯನ್ನೂ ನೋಡಲಿಲ್ಲ. ಕಿಟಕಿಯನ್ನು ನೋಡಿದಳು, ಆಮೇಲೆ ಜಲಜಾಕ್ಷಿಯನ್ನು. ಒಂದು ಗಳಿಗೆ ಅಷ್ಟೇ. ಬ್ಯಾಗು ಕೆಳಗಿಟ್ಟು, ಕೈ ತೊಳೆದು ಬಂದು ಹಚ್ಚಿದಳು. ಅತಿಥಿ ಎದ್ದು ನಿಂತು ದನಿಗೂಡಿಸಿದರು. ಇಬ್ಬರಿಗೂ ಮಂತ್ರ ಒಂದೇ, ರಾಗ ಬೇರೆ. ಅತಿಥಿಯ ದನಿ ನಡುವೆ ತಗ್ಗಿತು. ಅವರಿಗೂ ಏನೋ ಹೊಳೆದಿರಬೇಕು. ಸುಶಾಂತ್ ಫೋಟೊಕ್ಕೆ ಮೊಬೈಲು ಎತ್ತಿದಾಗ ಅವರು ಕೈ ಅಡ್ಡ ಹಿಡಿದು, "ದಯವಿಟ್ಟು ಬೇಡ," ಅಂದರು.

"ಅಮ್ಮ, ಬಿಸಿಬಿಸಿ ಗೋಳಿಬಜೆ. ಚಾ ಕೂಡ."

ಜಲಜಾಕ್ಷಿ ಅಡಿಗೆಮನೆಗೆ ಹೋದಳು. ಎಣ್ಣೆಗೆ ಹಿಟ್ಟು ಬಿಡುತ್ತಿರುವಾಗ ಹಿಂದೆ ನೀರಿನ ಸದ್ದು. ಕ್ಲಾರಾ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು.

"ಬಿಡು ಮಗಾ. ದೀಪ ಉರೀತಾ ಉಂಟು. ಕೂತುಕೋ."

"ಇವತ್ತು ಅವು ಆ ದೀಪಗಳಲ್ಲ ಮಾವ್ಶಿ," ಅಂದಳು ಕ್ಲಾರಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಎಲ್ಲವೂ ಆಳುಗಳೇ. ಪಾತ್ರೆ ತೊಳೆಯಬಹುದು."

ಗೋಳಿಬಜೆ ಒಂದೂ ಖರ್ಚಾಗಲಿಲ್ಲ. ತಮ್ಮ ಆಚಾರದಲ್ಲಿ ಹೊರಗಿನ ಪಾತ್ರೆಯದ್ದು ತಿನ್ನುವ ಹಾಗಿಲ್ಲವೆಂದು ಅತಿಥಿ ಕ್ಷಮೆ ಕೇಳಿ, ಒಂದು ಕಿತ್ತಳೆ ಸುಲಿದು ತಿಂದು, ಬೇಗ ಎದ್ದರು. ಹೋಗುವಾಗ ಕ್ಲಾರಾಳಿಗೆ ತಲೆಬಾಗಿ ಏನೋ ಅಂದರು.

ಮರುದಿನ ಕ್ಲಾರಾ ಸಂಜೆಯ ಹೊತ್ತಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ರಾತ್ರಿ ತಡವಾಗಿ ಬಂದಾಗ, "ಕ್ಲಿನಿಕ್ ಹತ್ತಿರವೇ ರೂಮು ಸಿಕ್ಕಿತು ಮಾವ್ಶಿ. ತಿಂಗಳ ಕೊನೆಗೆ ಹೋಗ್ತೇನೆ. ಬಸ್ಸು, ಮೆಟ್ರೊ, ಸಾಕಾಯ್ತು," ಅಂದಳು. ಹೌದು, ದೂರ ಅಂದಳು ಜಲಜಾಕ್ಷಿ. ಮುದ್ರೆ ಒಡೆದವಳು ತಾನು. ಮಗ ಕೇಳಿದ ಅಂತಲ್ಲ, ಮಗ ತನ್ನ ಮಾತು ಕೇಳಲಿ ಅಂತ ಒಡೆದದ್ದು.

ಹಬ್ಬದ ಕೊನೆಯ ದಿನ ಅವಳು ಬತ್ತಿ ಹೊಸೆದು ತಟ್ಟೆಯಲ್ಲಿಟ್ಟು ಕ್ಲಾರಾಳ ಬಾಗಿಲ ಹೊರಗಿಟ್ಟಳು. ಕ್ಲಾರಾ ಬಂದು, ತಟ್ಟೆ ನೋಡಿ, ಬಗ್ಗಿ ಎತ್ತಿಕೊಂಡಳು. "ಥ್ಯಾಂಕ್ಸ್ ಮಾವ್ಶಿ." ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಸಂದಿಯಲ್ಲಿ ಹಳದಿ ಬೆಳಕಿನ ಗೆರೆ ಮೂಡಿತು.

ಜಲಜಾಕ್ಷಿ ಹಾಲ್‌ನ ಲೈಟು ಆರಿಸಿ ನೆಲದಲ್ಲಿ ಕೂತಳು, ಆ ಗೆರೆಗೆ ಬೆನ್ನು ಹಾಕಿ. ನೋಡಲಿಕ್ಕೆ ಇರುವ ದೀಪ ಅದು, ಹೌದು. ತನಗಲ್ಲ.

ಸುಶಾಂತ್ ಒಳಗೆ ಬಂದ. "ಇದೆಂತ ಕತ್ತಲಲ್ಲಿ? ಹುಷಾರಿಲ್ವಾ? ಚಾ ಮಾಡಮ್ಮ, ತಲೆ ಸಿಡೀತದೆ."

"ಮಾಡಿಕೋ."

"ಎಂತ?"

"ಆ ದೀಪ ಆರುವವರೆಗೆ ನಾನು ಏಳುವುದಿಲ್ಲ."

ಅವನು ಮುಚ್ಚಿದ ಬಾಗಿಲು ನೋಡಿದ. ಸಂದಿಯ ಬೆಳಕು ನೋಡಿದ. ನಗಲು ಹೊರಟು ನಿಲ್ಲಿಸಿದ. "ಅವಳಿಗೆ ಗೊತ್ತುಂಟಾ ನೀನು ಹೀಗೆ ಕೂತದ್ದು?"

"ಗೊತ್ತಾಗುವುದು ಬೇಡ. ನೀನೂ ಹೇಳಬೇಡ. ನಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ಯಾರಿಂದಾದರೂ ಶುರುವಾಗಲಿ."

ಸುಶಾಂತ್ ನಿಂತೇ ಇದ್ದ. "ಆ ಆರ್ಡರು ಬರಲಿಲ್ಲ ಅಮ್ಮ," ಅಂದ ಮೆಲ್ಲಗೆ. ಬಂದಿದ್ದರೂ ಅವಳು ಹೀಗೇ ಕೂರುತ್ತಿದ್ದಳು, ಅದು ಅವನಿಗೂ ತಿಳಿದಂತಿತ್ತು. ತಲೆ ತಗ್ಗಿಸಿ ಅಡಿಗೆಮನೆಗೆ ಹೋದ.

ಡಬ್ಬಿಗಳನ್ನು ತೆರೆದು ಮುಚ್ಚುವ ಸದ್ದು. ಚಾಪುಡಿ ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ. ಅವಳು ಹೇಳಲಿಲ್ಲ. ಇಷ್ಟು ಕೂತರೆ ಏನೂ ಸರಿಹೋಗುವುದಿಲ್ಲ, ಸಾಲುವುದಿಲ್ಲ, ಅದೂ ಅವಳಿಗೆ ಗೊತ್ತಿತ್ತು. ಹಾಲು ಏರುವ ವಾಸನೆ ಬಂತು, ಇನ್ನೇನು ಉಕ್ಕುತ್ತದೆ. ಜಲಜಾಕ್ಷಿ ಸೆರಗಿನ ತುದಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಲೆಯ ಮೇಲೆ ಚುರ್ರ್ ಅಂತ ಹಾಲು ಚೆಲ್ಲಿತು. ಅವಳು ಏಳಲಿಲ್ಲ.