ಸಂಕದ ಕಾನೂನು

ಬೆಳ್ಯಪ್ಪ ಗೌಡರು ಪಂಚಾಯತಿನ ಹೊಸ ಅಧ್ಯಕ್ಷರಾದ ದಿನ ಆಡಿದ ಮೊದಲ ಮಾತೇ ಸಂಕದ್ದು. ಮಂಡೆಕೋಲಿನ ಕಡೆಯ ಆ ಊರನ್ನು ಹೊಳೆ ಎರಡು ಪಾಲು ಮಾಡಿತ್ತು. ಮಳೆಗಾಲದಲ್ಲಿ ಊರೊಳಗೆ ದಾಟಲು ಇದ್ದದ್ದು ಅಡಿಕೆ ಮರ ಜೋಡಿಸಿ ಹಾಕಿದ ಕಾಲುಸಂಕ ಒಂದೇ. ಹೊಳೆಬದಿಯ ನಾಲ್ಕು ಮನೆಯವರು ವರ್ಷವರ್ಷವೂ ಮನೆಗೊಂದು ಮರ ಕಡಿದು, ಮಳೆಗೆ ಮುಂಚೆ ಮೇ ಕೊನೆಗೆ ಬರುವ ಪತ್ತನಾಜೆಯ ದಿನದೊಳಗೆ ಅದನ್ನು ಹಾಕಿಬಿಡುವುದು ಅಜ್ಜಂದಿರ ಕಾಲದ ಕ್ರಮ. ಹಿಂದಿನ ವರ್ಷ ಒಂದು ಮನೆಯವರು ಕೈಕೊಟ್ಟರು. ಮೂರೇ ಮರದ ಮೇಲೆ ನಡೆದ ಚನಿಯಪ್ಪ ಜಾರಿ ಬಿದ್ದು ಸೊಂಟ ಮುರಿದುಕೊಂಡ.

"ಕ್ರಮ ಅಂತ ಹೇಳಿದ್ರೆ ಇನ್ನು ನಡೆಯುದಿಲ್ಲ ಮಾರಾಯ್ರೆ. ಕಾನೂನೇ ಆಗ್ಬೇಕು," ಎಂದರು ಬೆಳ್ಯಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಟ್ಟಿದವರು ಎದ್ದು ಮನೆಗೆ ಹೋದರು. ಉಳಿದದ್ದೆಲ್ಲ ಕಾರ್ಯದರ್ಶಿ ಕುಕ್ಕಪ್ಪನ ತಲೆಗೆ ಬಂತು. ಅಧ್ಯಕ್ಷರ ಬಾಯಿಂದ ಹೊರಟ ಮಾತು ಕಾನೂನಾಗುವುದೆಂದರೆ ಏನೆಂದು ಆ ವರ್ಷ ಅವನ ಮೊಣಕಾಲುಗಳಿಗೆ ಗೊತ್ತಾಯಿತು. ಮೊದಲು ನಿರ್ಣಯ ಬರೆಯಬೇಕು. ಅದನ್ನು ಒಂದು ತಿಂಗಳು ಬೋರ್ಡಿನಲ್ಲಿ ಅಂಟಿಸಿ, ಆಕ್ಷೇಪ ಉಂಟೋ ಎಂದು ಕಾಯಬೇಕು. ಆಮೇಲೆ ಮೇಲಿನ ಆಫೀಸು, ಅದರ ಮೇಲಿನ ಆಫೀಸು, ಕೊನೆಗೆ ಗೆಜೆಟ್. ಪುತ್ತೂರಿನ ಬಸ್ಸಿಗೆ ನಾಲ್ಕು ಮೈಲಿ ನಡೆದು ಅವನು ಕಾಗದ ಕೊಟ್ಟು ಬಂದರೆ, ಅದು ಅವನಿಗಿಂತ ಆರಾಮವಾಗಿ, ಟಪಾಲಿನಲ್ಲಿ ವಾಪಸು ಬರುತ್ತಿತ್ತು. ಒಮ್ಮೆ ಮಾರ್ಜಿನ್ ಸಾಲಲಿಲ್ಲ. ಇನ್ನೊಮ್ಮೆ, ಪತ್ತನಾಜೆ ಯಾವ ತಾರೀಕು ಎಂದು ನಮೂದಿಸಿರಲಿಲ್ಲ. ಘಟ್ಟದ ಮೇಲಿಂದ ಬಂದ ಅಧಿಕಾರಿಗೆ ಪತ್ತನಾಜೆ ಗೊತ್ತಿರಬೇಕೆಂದು ನಾವು ಹಟ ಹಿಡಿಯಲಿಕ್ಕಾಗುತ್ತದೆಯೇ? ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇಲ್ಲಂತೂ ಪೂಜಾರಿಗಳ ಸಾಲೇ ಇತ್ತು.

ಮೇ ತಿಂಗಳ ಮೊದಲ ವಾರ ಮೇಲಿನ ಆಫೀಸಿನಿಂದ ಮತ್ತೊಂದು ಕಾಗದ ಬಂತು. ಸದರಿ ಸ್ಥಳದಲ್ಲಿ ಈಗ ಯಾವುದೇ ಸಂಕ ಇಲ್ಲವೆಂದು ಸರ್ಟಿಫಿಕೇಟ್ ಕಳುಹಿಸಬೇಕು.

ಹೊಳೆಬದಿಯ ನಾಲ್ಕು ಮನೆಗಳಲ್ಲಿ ಒಂದು ಕುಕ್ಕಪ್ಪನದೇ. ಕಡಿಯಬೇಕಾದ ಮರಕ್ಕೆ ಅವನು ಆಗಲೇ ಕತ್ತಿಯಿಂದ ಗುರುತು ಹಾಕಿದ್ದ. ಅದಕ್ಕೆ ಕಾರಣವೂ ಇತ್ತು. ಮಗಳು ಸೇವಂತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಮಳೆ ಜೋರಾಗುವ ಆಟಿ ತಿಂಗಳಲ್ಲಿ ದಿನ ತುಂಬುವುದಿತ್ತು. ಹೆರಿಗೆ ಮಾಡಿಸುವ ಕದೀಜಮ್ಮನ ಮನೆ ಹೊಳೆಯ ಆಚೆ ದಡದಲ್ಲಿ. ಈಚೆ ದಡದ ಅರ್ಧ ಮಕ್ಕಳು ಕಣ್ಣು ಬಿಟ್ಟದ್ದು ಆಕೆಯ ಕೈಯಲ್ಲೇ.

"ಈ ಸಲ ಯಾರೂ ಮರ ಹಾಕುದು ಬೇಡ ಕುಕ್ಕಪ್ಪಣ್ಣ," ಎಂದರು ಬೆಳ್ಯಪ್ಪ. "ಸಂಕ ಉಂಟು ಅಂತ ಆದ್ರೆ ಫೈಲು ಅಲ್ಲಿಗೇ ಮುಗೀತು. ಪತ್ತನಾಜೆಯೊಳಗೆ ಕಾನೂನು ಬರ್ತದೆ, ನೋಡಿ ಬೇಕಾದ್ರೆ."

"ಬಾರದಿದ್ರೆ?"

"ಬರ್ತದೆ ಮಾರಾಯ್ರೆ."

ಬರುವುದಿಲ್ಲವೆಂದು ಕುಕ್ಕಪ್ಪನಿಗೆ ಗೊತ್ತಿತ್ತು. ಆ ಕಾಗದ ನಡೆಯುವ ವೇಗ ಅವನಷ್ಟು ಬಲ್ಲವರು ಊರಲ್ಲಿ ಇನ್ನಾರು? ಆದರೂ ವಾದ ಮಾಡುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಈ ಫೈಲು ಒಮ್ಮೆ ತೊಲಗಿದರೆ ಸಾಕು ಎನಿಸಿತ್ತು. ಸಂಕ ಇಲ್ಲವೆಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದ. ಉಳಿದ ಮೂರು ಮನೆಯವರು, ಕಾನೂನು ಬಂದಾಗ ಕಡಿದರಾಯಿತು ಎಂದು, ಸದ್ಯಕ್ಕೆ ಮರ ಉಳಿದದ್ದಕ್ಕೆ ಖುಷಿಪಟ್ಟರು.

ಪತ್ತನಾಜೆ ಕಳೆಯಿತು. ಮಳೆ ಸರ್ಟಿಫಿಕೇಟ್ ಕೇಳಲಿಲ್ಲ, ಬಂದೇಬಿಟ್ಟಿತು.

ಆಟಿಯ ಒಂದು ಬೆಳಿಗ್ಗೆ ಸೇವಂತಿಗೆ ನೋವು ಶುರುವಾಯಿತು. ಕುಕ್ಕಪ್ಪ ದಡಕ್ಕೆ ಓಡಿಹೋಗಿ ಕೂಗಿದ. ಆಚೆ ಕದೀಜಮ್ಮ ಕೊಡೆ ಹಿಡಿದು ಬಂದು ನಿಂತಳು. ನಡುವೆ ಕೆಂಪು ನೀರು ಎದೆಮಟ್ಟ ಹರಿಯುತ್ತಿತ್ತು. ಆಕೆ ಕೈಯಲ್ಲೇ ಸನ್ನೆ ಮಾಡಿ ಸುತ್ತು ದಾರಿ ಹಿಡಿದಳು. ದೂರದ ಬಸ್ಸು ಮಾರ್ಗದ ಸೇತುವೆಗೆ ಹೋಗಿ ಬರಲು ಏಳು ಮೈಲಿ, ಅರುವತ್ತು ದಾಟಿದ ಹೆಂಗಸು. ಅವಳು ಅಂಗಳಕ್ಕೆ ಕಾಲಿಟ್ಟಾಗ ಮಧ್ಯಾಹ್ನ ಕಳೆದಿತ್ತು. ಸೇವಂತಿಯನ್ನು ಉಳಿಸಿಕೊಟ್ಟಳು. ಮಗು ಅಳಲೇ ಇಲ್ಲ.

ಗೆಜೆಟ್ ಬಂದದ್ದು ಒಂದೂವರೆ ತಿಂಗಳು ಕಳೆದು. ಬೆಳ್ಯಪ್ಪ ಊರವರನ್ನೆಲ್ಲ ಸೇರಿಸಿ, ಕುಕ್ಕಪ್ಪನಿಂದಲೇ ಓದಿಸಿದರು. ಪ್ರತಿ ವರ್ಷ ಮೇ ಇಪ್ಪತ್ತನಾಲ್ಕರೊಳಗೆ ಹೊಳೆಬದಿಯ ಪ್ರತಿ ಮನೆಯವರು ಒಂದು ಅಡಿಕೆ ಮರ ಮತ್ತು ಒಂದು ದಿನದ ಕೆಲಸ ಕೊಡತಕ್ಕದ್ದು. ತಪ್ಪಿದರೆ ದಂಡ.

ಹೊಳೆ ಇಳಿದಿದ್ದರಿಂದ ಕದೀಜಮ್ಮನೂ ಬಂದಿದ್ದಳು. "ಇದು ನೀವು ಮೊದ್ಲಿಂದ ಮಾಡ್ತಾ ಇದ್ದದ್ದೇ ಅಲ್ವಾ ಕುಕ್ಕಪ್ಪಣ್ಣ?"

"ಹೌದು," ಎಂದ ಕುಕ್ಕಪ್ಪ. "ಈ ವರ್ಷ ಒಂದು ಬಿಟ್ಟು."

ಬೆಳ್ಯಪ್ಪ ನೆಲ ನೋಡಿದರು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಆ ಕ್ಷಣ ಕುಕ್ಕಪ್ಪನಿಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಬರಬೇಕಾದ ಸಿಟ್ಟೆಲ್ಲ ಸಹಿ ಹಾಕಿದ ತನ್ನ ಕೈಯ ಮೇಲೇ ಬಂದು ಮುಗಿದಿತ್ತು.

ಮನೆಯಲ್ಲಿ ಸೇವಂತಿ ಜಗಲಿಯಲ್ಲಿ ಕೂತಿದ್ದಳು. "ಎಂತ ಓದಿದ್ದು ಅಪ್ಪ?"

"ಸಂಕದ ಕಾನೂನು. ಬರುವ ವರ್ಷದಿಂದ." ಅವನು ಮೆಟ್ಟಿಲಲ್ಲೇ ಕುಸಿದು ಕೂತ. "ಸಂಕ ಇಲ್ಲ ಅಂತ ಮೇಲೆ ಬರೆದು ಕೊಟ್ಟದ್ದು ನಾನು ಮಗಳೇ. ಅದಕ್ಕೇ ಈ ಸಲ ಹಾಕಿಸ್ಲಿಲ್ಲ."

ಅವಳು ಕತ್ತಿಯ ಗುರುತು ಹೊತ್ತು ಇನ್ನೂ ನಿಂತಿದ್ದ ಅಡಿಕೆ ಮರದ ಕಡೆ ನೋಡಿದಳು. ಆಮೇಲೆ ಕೇಳಿದಳು.

"ನಮ್ಮ ಪಾಲಿನದ್ದು ಒಂದೇ ಮರ ಅಲ್ವಾ ಅಪ್ಪ?"